ಗದಗದ ಸ್ಕ್ಯಾನ್, ಹುಬ್ಬಳ್ಳಿಯ ಡಾಕ್ಟರು, ನಡುವೆ ಕ್ಲೌಡ್: ಸಣ್ಣ ಸೆಂಟರ್‌ಗಳಿಗೊಂದು ಮಾರ್ಗದರ್ಶಿ

ಸಿಟಿ ಸ್ಕ್ಯಾನಿನ ಒಂದು ಸ್ಲೈಸಿನಲ್ಲಿ, ಅಂದರೆ ದೇಹದ ಒಂದು ಪದರದ ಚಿತ್ರದಲ್ಲಿ, ಅಡ್ಡಕ್ಕೆ 512, ಉದ್ದಕ್ಕೆ 512 ಚುಕ್ಕಿಗಳಿರುತ್ತವೆ. ಚುಕ್ಕಿಗೆ ಎರಡು ಬೈಟ್. ಗುಣಿಸಿದರೆ ಅರ್ಧ ಎಂಬಿ. ಮುನ್ನೂರು ಸ್ಲೈಸಿನ ಸ್ಟಡಿ, ಅಂದರೆ ಒಬ್ಬರ ಒಂದು ಸ್ಕ್ಯಾನಿನ ಎಲ್ಲ ಚಿತ್ರಗಳು, 150 ಎಂಬಿ. ಈ ಒಂದು ಲೆಕ್ಕ ಬಾಯಿಪಾಠ ಇದ್ದರೆ ಕ್ಲೌಡ್ (ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಕಂಪ್ಯೂಟರ್, ಸಂಗ್ರಹ) ಮಾರಲು ಬಂದವರ ಮಾತನ್ನು ಅಲ್ಲೇ ಕೂತು ತೂಗಿ ನೋಡಬಹುದು.

ಗದಗ, ಹಾವೇರಿ ಕಡೆಯ ಸಣ್ಣ ಸ್ಕ್ಯಾನಿಂಗ್ ಸೆಂಟರ್‌ಗಳಲ್ಲಿ, ನರ್ಸಿಂಗ್ ಹೋಮ್‌ಗಳಲ್ಲಿ ಮಷೀನ್ ಇರುತ್ತದೆ, ಟೆಕ್ನಿಷಿಯನ್ ಇರುತ್ತಾರೆ. ಸ್ಕ್ಯಾನ್ ಓದಿ ರಿಪೋರ್ಟ್ ಬರೆಯುವ ರೇಡಿಯಾಲಜಿಸ್ಟ್ ಮಾತ್ರ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಚಿತ್ರವನ್ನು ಅವರಿಗೆ ತಲುಪಿಸುವುದು, ದಾರಿಯಲ್ಲೇ ಒಂದು ಎಐ ಸಾಫ್ಟ್‌ವೇರಿನಿಂದ ತುರ್ತಿನದನ್ನು ಬೇರ್ಪಡಿಸುವುದು, ವರ್ಷಗಟ್ಟಲೆ ಕಾಪಿಡುವುದು, ಈ ಮೂರೂ ಕೆಲಸ ಕ್ಲೌಡ್‌ನಲ್ಲಿ ಅಗ್ಗವಾಗಿ ಆಗುತ್ತವೆ. ಆದರೆ ತಡ ಆಗುವುದು, ತಪ್ಪು ಆಗುವುದು ಹೆಚ್ಚಾಗಿ ಕ್ಲೌಡ್‌ನಲ್ಲಲ್ಲ, ಮಷೀನ್ ನಡೆಸುವ ಕಂಪ್ಯೂಟರ್ ಇರುವ ಕನ್ಸೋಲ್ ರೂಮಿನಲ್ಲಿ. ಅದಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿರುವುದು ಚಿತ್ರ ಸೆಂಟರಿನ ಬಾಗಿಲು ದಾಟುವ ಮುಂಚಿನ ಕೆಲಸಕ್ಕೆ.

ಮೊದಲು ಗಡಿಯಾರ ಹಿಡಿಯಿರಿ

ಯಾವ ಸಾಫ್ಟ್‌ವೇರ್ ಕೊಳ್ಳುವ ಮುಂಚೆಯೂ ಒಂದು ವಾರ ಸಮಯ ಬರೆದಿಡಿ. ನೂರು ಪುಟದ ನೋಟ್‌ಬುಕ್ ಸಾಕು. ಪ್ರತಿ ಸ್ಟಡಿಗೆ ಐದು ಹೊತ್ತು: ಸ್ಕ್ಯಾನ್ ಮುಗಿದದ್ದು, ಕಳಿಸುವ ಬಟನ್ ಒತ್ತಿದ್ದು, ಕೊನೆಯ ಚಿತ್ರ ಆ ಕಡೆ ಮುಟ್ಟಿದ್ದು, ಡಾಕ್ಟರು ತೆರೆದದ್ದು, ರಿಪೋರ್ಟ್ ಬಂದದ್ದು.

ವಾರದ ಕೊನೆಗೆ ನೋಡಿದರೆ ದೊಡ್ಡ ಅಂತರ ಬಹಳಷ್ಟು ಸಲ ಮೊದಲೆರಡರ ನಡುವೆಯೇ ಸಿಗುತ್ತದೆ. "ನಾಲ್ಕು ಪೇಷಂಟ್ ಆಗ್ಲಿ, ಒಮ್ಮೆಗೇ ಕಳಿಸೋಣು" ಎಂದು ಇಟ್ಟುಕೊಂಡಿರುತ್ತಾರೆ. ಹೊರಗೆ ಬೆಂಚಿನ ಮೇಲೆ ಕೂತವರು "ರಿಪೋರ್ಟ್ ಯಾವಾಗ ಬರ್ತೈತ್ರಿ?" ಎಂದು ಮೂರನೇ ಸಲ ಕೇಳುವಾಗಲೂ ಚಿತ್ರ ಕನ್ಸೋಲ್ ಬಿಟ್ಟೇ ಇರುವುದಿಲ್ಲ. ಇದಕ್ಕೆ ಬೇಕಾದದ್ದು ಕ್ಲೌಡ್ ಅಲ್ಲ, ಕನ್ಸೋಲ್‌ನಲ್ಲೇ ಇರುವ ಆಟೋ ಸೆಂಡ್ ಸೆಟ್ಟಿಂಗ್. ಅದನ್ನು ಆನ್ ಮಾಡಿಸಿ, ಇನ್ನೊಂದು ವಾರ ಅಳೆಯಿರಿ. ಆಮೇಲೆ ಮುಂದಿನ ಮಾತು.

ನಂತರ ಲೈನ್. ಇಂಟರ್ನೆಟ್ ಕಂಪನಿಯವರು ದೊಡ್ಡದಾಗಿ ಹೇಳುವುದು ಕೆಳಗಿಳಿಸುವ ವೇಗ. ನಮಗೆ ಬೇಕಾದದ್ದು ಮೇಲೇರಿಸುವ ವೇಗ, ಅಂದರೆ ಅಪ್‌ಲೋಡ್. ಅದನ್ನು ವೈಫೈ ಮೇಲೆ ಅಲ್ಲ, ರೂಟರ್‌ಗೆ ನೇರ ಕೇಬಲ್ ಹಾಕಿ ಬೆಳಗ್ಗೆ 11ಕ್ಕೆ, ಸಂಜೆ 7ಕ್ಕೆ, ನಡುರಾತ್ರಿ ಒಮ್ಮೆ ಅಳೆಯಿರಿ. ಮೂರರಲ್ಲಿ ಕಡಿಮೆ ಬಂದದ್ದೇ ನಿಮ್ಮ ಲೆಕ್ಕದ ವೇಗ. ಇಲ್ಲಿ ಎಲ್ಲರೂ ಎಡವುವ ಒಂದು ಕಲ್ಲಿದೆ: ಲೈನಿನ ವೇಗ ಮೆಗಾಬಿಟ್‌ನಲ್ಲಿ, ಫೈಲಿನ ಗಾತ್ರ ಮೆಗಾಬೈಟ್‌ನಲ್ಲಿ. ಎಂಟರಿಂದ ಭಾಗಿಸಲೇಬೇಕು. 10 ಎಂಬಿಪಿಎಸ್ ಅಪ್‌ಲೋಡ್ ಅಂದರೆ ಸೆಕೆಂಡಿಗೆ 1.25 ಎಂಬಿ, ಅದೂ ಲೈನ್ ಪೂರ್ತಿ ನಿಮಗೇ ಸಿಕ್ಕರೆ. ಬಿಲ್ಲಿಂಗ್, ಸಿಸಿ ಕ್ಯಾಮೆರಾ, ವೇಟಿಂಗ್ ಹಾಲ್‌ನ ಫ್ರೀ ವೈಫೈ ಅದೇ ಲೈನಿನಲ್ಲಿದ್ದರೆ ಪೂರ್ತಿ ಸಿಗುವುದಿಲ್ಲ.

ಉಳಿದ ಗಾತ್ರಗಳೂ ಗೊತ್ತಿರಲಿ. ಡಿಜಿಟಲ್ ಎಕ್ಸ್‌ರೇ ಒಂದಕ್ಕೆ 10ರಿಂದ 20 ಎಂಬಿ. ನಾಲ್ಕು ನೋಟದ ಮ್ಯಾಮೊಗ್ರಾಂ 100 ಎಂಬಿ ಆಸುಪಾಸು. ಅಲ್ಟ್ರಾಸೌಂಡ್ ಚಿಕ್ಕದು ಎಂದುಕೊಳ್ಳುತ್ತೇವೆ, ಆದರೆ ಅದರ ವಿಡಿಯೊ ಕ್ಲಿಪ್ ಬಣ್ಣದ್ದು, ಚುಕ್ಕಿಗೆ ಮೂರು ಬೈಟ್. 640ಕ್ಕೆ 480 ಅಳತೆಯ ನೂರು ಫ್ರೇಮಿನ ಕ್ಲಿಪ್ ಕುಗ್ಗಿಸದೆ ಇಟ್ಟರೆ 90 ಎಂಬಿ ದಾಟುತ್ತದೆ.

ಗೇಟ್‌ವೇ: ಮಷೀನಿಗೂ ಕ್ಲೌಡ್‌ಗೂ ನಡುವೆ ಒಂದು ಪೆಟ್ಟಿಗೆ

ಮಷೀನಿನಿಂದ ನೇರ ಕ್ಲೌಡ್‌ಗೆ ಕಳಿಸಬೇಡಿ. ಲೈನ್ ಹೋದ ಗಳಿಗೆಯಲ್ಲಿ ಕನ್ಸೋಲ್ ಎರಡು ಮೂರು ಸಲ ಪ್ರಯತ್ನಿಸಿ ಕೈಬಿಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ನಡುವೆ ಒಂದು ಸಾಧಾರಣ ಕಂಪ್ಯೂಟರ್ ಇಡಿ: 16 ಜಿಬಿ ರ‍್ಯಾಮ್, ಒಂದರ ಪ್ರತಿ ಇನ್ನೊಂದರಲ್ಲಿ ಇರುವಂತೆ 1 ಟಿಬಿಯ ಎರಡು ಎಸ್‌ಎಸ್‌ಡಿ, ಎರಡು ನೆಟ್‌ವರ್ಕ್ ಪೋರ್ಟ್. ಒಂದು ಪೋರ್ಟ್ ಮಷೀನುಗಳ ಕಡೆಗೆ, ಇನ್ನೊಂದು ಇಂಟರ್ನೆಟ್ ಕಡೆಗೆ. ಎರಡನ್ನೂ ಒಂದೇ ಸ್ವಿಚ್ಚಿಗೆ ಚುಚ್ಚಿದರೆ ಈ ಪ್ರತ್ಯೇಕತೆಗೆ ಅರ್ಥವಿಲ್ಲ.

ಸಾಫ್ಟ್‌ವೇರಿಗೆ ದುಡ್ಡು ಕೊಡಲೇಬೇಕೆಂದಿಲ್ಲ. ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಹುಟ್ಟಿದ ಆರ್ಥಾಂಕ್ ಎಂಬ ಮುಕ್ತ ತಂತ್ರಾಂಶ ಈ ಕೆಲಸಕ್ಕೆ ಧಾರಾಳ ಸಾಕು. ಅದು ಡೈಕಾಂ ಚಿತ್ರಗಳನ್ನು 4242ನೇ ಪೋರ್ಟಿನಲ್ಲಿ (ಇದು ಕೇಬಲ್ ಚುಚ್ಚುವ ಪೋರ್ಟ್ ಅಲ್ಲ, ಸಾಫ್ಟ್‌ವೇರಿನ ಬಾಗಿಲ ಸಂಖ್ಯೆ) ತೆಗೆದುಕೊಳ್ಳುತ್ತದೆ, 8042ರಲ್ಲಿ ಬ್ರೌಸರ್‌ಗೆ ತೋರಿಸುತ್ತದೆ. ಡೈಕಾಂ ಎಂದರೆ 1993ರಿಂದ ಈ ಹೆಸರಿನಲ್ಲಿ ನಡೆದುಬಂದ, ಎಲ್ಲ ಕಂಪನಿಯ ಮಷೀನುಗಳೂ ಆಡುವ ಭಾಷೆ.

ಮಷೀನಿಗೆ ಗೇಟ್‌ವೇ ಪರಿಚಯ ಮಾಡಿಸಲು ಮೂರು ಸಂಗತಿ ಬೇಕು: ಐಪಿ ವಿಳಾಸ, ಪೋರ್ಟ್, ಎಇ ಟೈಟಲ್ (ಡೈಕಾಂನಲ್ಲಿ ಆ ಯಂತ್ರದ ಹೆಸರು). ಐಪಿ ಸ್ಥಿರವಾಗಿರಲಿ. ರೂಟರ್ ತನ್ನಿಷ್ಟಕ್ಕೆ ಹಂಚುವ ಐಪಿ ಆದರೆ ಒಂದು ದಿನ ಕರೆಂಟ್ ಹೋಗಿ ಬಂದಮೇಲೆ ವಿಳಾಸ ಬದಲಾಗಿ ಎಲ್ಲ ನಿಂತಿರುತ್ತದೆ. ಎಇ ಟೈಟಲ್ 16 ಅಕ್ಷರ ಮೀರುವಂತಿಲ್ಲ. ದೊಡ್ಡಕ್ಷರ ಸಣ್ಣಕ್ಷರದ ಒಂದು ವ್ಯತ್ಯಾಸಕ್ಕೇ ಮಷೀನ್ ಬಾಗಿಲು ತೆರೆಯದೆ ಹೋದೀತು, ಹಾಗಾಗಿ ಎಲ್ಲ ದೊಡ್ಡಕ್ಷರದಲ್ಲೇ ಬರೆಯುವುದು ಕ್ಷೇಮ. ಹಳೆಯ ಪದ್ಧತಿಯ 104ನೇ ಪೋರ್ಟ್ ಬೇಡ. ಲಿನಕ್ಸ್‌ನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟಿಗೆ ವಿಶೇಷ ಅಧಿಕಾರ ಬೇಕಾಗುತ್ತದೆ, ಸುಮ್ಮನೆ ತಲೆನೋವು.

ಹಲವು ಮಷೀನುಗಳಲ್ಲಿ ಹೊಸ ವಿಳಾಸ ಸೇರಿಸಲು ಕಂಪನಿಯ ಸರ್ವಿಸ್ ಎಂಜಿನಿಯರೇ ಬರಬೇಕು. ಅದಕ್ಕೆಂದೇ ಕರೆಸಿದರೆ ವಿಸಿಟ್ ಚಾರ್ಜ್ ಬೀಳುತ್ತದೆ. ನಿಗದಿತ ನಿರ್ವಹಣೆಯ ಪಿಎಂ ಸರ್ವಿಸ್‌ಗೆ ಬಂದ ದಿನ ಈ ಮೂರು ವಿವರ ಬರೆದ ಚೀಟಿ ಕೈಗಿಡಿ, ಹದಿನೈದು ನಿಮಿಷದ ಕೆಲಸ. ಅವರು ಬಾಗಿಲು ದಾಟುವ ಮುಂಚೆ ಎಕೋ ಪರೀಕ್ಷೆ ಒಂದೇ ಸಾಲದು, ನಿಜವಾದ ಒಂದು ಸ್ಟಡಿ ಕಳಿಸಿ ನೋಡಿ. ಎಕೋ ಎಂದರೆ "ಇದ್ದೀಯಾ?" "ಇದ್ದೇನೆ" ಎನ್ನುವುದಷ್ಟೇ. ಚಿತ್ರ ಕುಗ್ಗಿಸಿದ ಬಗೆ ಆ ಕಡೆಯವರಿಗೆ ಒಪ್ಪಿಗೆಯಾಗದಿದ್ದರೆ ಎಕೋ ಪಾಸಾಗಿ ಚಿತ್ರ ಫೇಲಾಗುತ್ತದೆ.

ಪಾಟೀಲ ಎಂದರೆ ಯಾವ ಪಾಟೀಲ?

ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಹಾನಿ ಮಾಡುವ ತಪ್ಪು ಇದು. ನಮ್ಮ ಭಾಗದಲ್ಲಿ ಒಂದೇ ದಿನ ನಾಲ್ಕು ಜನ ಪಾಟೀಲರು, ಮೂವರು ಹಿರೇಮಠರು ಬರುವುದು ಮಾಮೂಲು. ಈರಪ್ಪ ಎಂಬ ಹೆಸರನ್ನು ಕೌಂಟರ್‌ನಲ್ಲಿ ಒಬ್ಬರು ಇಂಗ್ಲಿಷಿನ ಒಂದು ಅಕ್ಷರದಿಂದ ಶುರುಮಾಡಿದರೆ, ಕನ್ಸೋಲ್‌ನಲ್ಲಿ ಇನ್ನೊಬ್ಬರು ಬೇರೆ ಅಕ್ಷರದಿಂದ ಶುರುಮಾಡುತ್ತಾರೆ, ಆಧಾರ್‌ನಲ್ಲಿ ವೀರಪ್ಪ ಎಂದಿರುತ್ತದೆ. ಕಂಪ್ಯೂಟರ್‌ಗೆ ಇವರು ಮೂರು ಜನ. ಇದಕ್ಕೆ ಉಲ್ಟಾ, ರಾತ್ರಿಯ ತುರ್ತು ಪೇಷಂಟ್‌ಗಳಿಗೆಲ್ಲ "1" ಎಂದೋ "ಎಮರ್ಜೆನ್ಸಿ" ಎಂದೋ ಐಡಿ ಹೊಡೆದರೆ ಹತ್ತು ಜನ ಸೇರಿ ಒಬ್ಬರಾಗುತ್ತಾರೆ. ಕ್ಲೌಡ್ ಆ ಹತ್ತೂ ತಲೆಯನ್ನು ಒಂದೇ ಹೆಸರಿನ ಕೆಳಗೆ ಜೋಡಿಸಿ ಇಡುತ್ತದೆ. ಹಳೆಯ ಸ್ಕ್ಯಾನ್ ಜತೆ ಹೋಲಿಸುವ ಡಾಕ್ಟರು ಬೇರೆಯವರ ತಲೆ ನೋಡುತ್ತಾರೆ.

ಪರಿಹಾರ: ಹೆಸರಿನ ಮೇಲೆ ಭರವಸೆ ಇಡಬೇಡಿ, ಐಡಿ ಮೇಲೆ ಇಡಿ. ಸೆಂಟರಿನ ಎರಡಕ್ಷರ, ವರ್ಷದ ಎರಡಂಕಿ, ಆರಂಕಿಯ ಕ್ರಮಸಂಖ್ಯೆ, ಇಷ್ಟು ಸಾಕು. ಒಬ್ಬ ಪೇಷಂಟ್‌ಗೆ ಜೀವಮಾನಕ್ಕೆ ಒಂದೇ ಐಡಿ. ಪ್ರತಿ ಸ್ಕ್ಯಾನ್‌ಗೆ ಬೇರೆಯದಾದ ಅಕ್ಸೆಷನ್ ನಂಬರ್. ಪೇಷಂಟ್ ಹತ್ತಿರ 14 ಅಂಕಿಯ ಆಭಾ (ಸರ್ಕಾರದ ಆರೋಗ್ಯ ಖಾತೆ) ಸಂಖ್ಯೆ ಇದ್ದರೆ ಅದನ್ನು ಬೇರೆ ಕಾಲಂನಲ್ಲಿ ಬರೆದುಕೊಳ್ಳಿ, ಎಲ್ಲರ ಬಳಿ ಇರುವುದಿಲ್ಲವಾದ್ದರಿಂದ ಅದನ್ನೇ ಐಡಿ ಮಾಡಬೇಡಿ. ಇನ್ನೂ ಒಳ್ಳೆಯ ದಾರಿ ಮೊಡಾಲಿಟಿ ವರ್ಕ್‌ಲಿಸ್ಟ್. ಕೌಂಟರ್‌ನಲ್ಲಿ ಒಮ್ಮೆ ಟೈಪ್ ಆದದ್ದು ಕನ್ಸೋಲ್ ಪರದೆಯ ಮೇಲೆ ತಾನೇ ಬರುತ್ತದೆ, ಟೆಕ್ನಿಷಿಯನ್ ಆರಿಸಿಕೊಂಡರೆ ಸಾಕು. ಎರಡನೇ ಸಲ ಟೈಪ್ ಮಾಡುವುದೇ ಇಲ್ಲವೆಂದ ಮೇಲೆ ಎರಡನೇ ಕಾಗುಣಿತವೂ ಇಲ್ಲ.

ತಪ್ಪಾದ ಹೆಸರನ್ನು ಗೇಟ್‌ವೇನಲ್ಲಿ ತಿದ್ದುವಾಗ ಎಚ್ಚರ. ತಿದ್ದಿದ ಸ್ಟಡಿಗೆ ಸಾಫ್ಟ್‌ವೇರ್ ಹೊಸ ಗುರುತುಸಂಖ್ಯೆ ಕೊಟ್ಟುಬಿಡುತ್ತದೆ. ಹಳೆಯದು ಆಗಲೇ ಕ್ಲೌಡ್‌ಗೆ ಹೋಗಿದ್ದರೆ ಅಲ್ಲಿ ಒಂದೇ ಸ್ಕ್ಯಾನ್ ಎರಡಾಗಿ ಕೂತಿರುತ್ತದೆ, ಒಂದು ಸರಿ ಹೆಸರಲ್ಲಿ, ಒಂದು ತಪ್ಪು ಹೆಸರಲ್ಲಿ. ತಪ್ಪಿನದನ್ನು ಅಳಿಸಿದ್ದು ಯಾರು, ಯಾವಾಗ ಎಂದು ಅದೇ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ.

ಗಡಿಯಾರವೂ ಇದೇ ಗುಂಪಿಗೆ ಸೇರಿದ ತೊಂದರೆ. ಹಳೆಯ ಕನ್ಸೋಲ್‌ಗಳ ಒಳಗಿನ ಬ್ಯಾಟರಿ ಸತ್ತರೆ ತಾರೀಖು ಎಲ್ಲೆಲ್ಲೋ ಹೋಗಿರುತ್ತದೆ. ಗೇಟ್‌ವೇಯನ್ನೇ ಸಮಯದ ಸರ್ವರ್ ಮಾಡಿ ಎಲ್ಲ ಮಷೀನುಗಳನ್ನೂ ಅದಕ್ಕೆ ಕಟ್ಟಿ. ಕ್ಲೌಡ್‌ನ ಲಾಗ್ ಸಾಮಾನ್ಯವಾಗಿ ಯುಟಿಸಿಯಲ್ಲಿ, ಅಂದರೆ ಜಾಗತಿಕ ಸಮಯದಲ್ಲಿ ಇರುತ್ತದೆ, ನಮಗಿಂತ ಐದೂವರೆ ಗಂಟೆ ಹಿಂದೆ. ನಸುಕಿನ 4 ಗಂಟೆಗೆ ಕಳಿಸಿದ್ದು ಅಲ್ಲಿ ಹಿಂದಿನ ದಿನದ ರಾತ್ರಿ ಹತ್ತೂವರೆ ಎಂದು ಕಾಣುತ್ತದೆ. ಅಪಘಾತದ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ) ಕೇಸಿನಲ್ಲಿ ಈ ತಾರೀಖಿನ ಗೊಂದಲ ವಕೀಲರ ಕೈಗೆ ಸಿಗದಿರಲಿ.

ಎಲ್ಲವನ್ನೂ ಕಳಿಸಬೇಡಿ, ಬೇಕಾದ್ದನ್ನು ಮೊದಲು ಕಳಿಸಿ

ಹೆದ್ದಾರಿ 48ರಲ್ಲಿ ರಾಣೆಬೆನ್ನೂರಿನ ಹತ್ತಿರ ಬೈಕ್ ಅಪಘಾತ, ತಲೆಗೆ ಪೆಟ್ಟು, ರಾತ್ರಿ ಎರಡು ಗಂಟೆ ಎಂದಿಟ್ಟುಕೊಳ್ಳಿ. ತಲೆಯ ಸಿಟಿ ಸುಮಾರು 150 ಮಿಲಿಮೀಟರ್ ಉದ್ದ. 5 ಮಿಲಿಮೀಟರ್ ದಪ್ಪದಲ್ಲಿ 30 ಸ್ಲೈಸ್, 15 ಎಂಬಿ. ಜತೆಗೆ 1 ಮಿಲಿಮೀಟರಿನ ತೆಳು ಸೀರೀಸ್ (ಒಂದೇ ಬಗೆಯ ಸ್ಲೈಸುಗಳ ಗುಂಪು) ಎರಡು, ಮಿದುಳಿಗೊಂದು ಎಲುಬಿಗೊಂದು, ಒಟ್ಟು 300 ಸ್ಲೈಸ್, 150 ಎಂಬಿ. ರಾತ್ರಿ ಫೈಬರ್ ಕೈಕೊಟ್ಟು 2 ಎಂಬಿಪಿಎಸ್‌ನ ಡಾಂಗಲ್ ಮೇಲೆ ನಿಂತಿದ್ದೀರಿ. ದಪ್ಪ ಸೀರೀಸ್ ಒಂದು ನಿಮಿಷಕ್ಕೆ ಹೋಗುತ್ತದೆ. ತೆಳುವಿಗೆ ಹತ್ತು ನಿಮಿಷ. ಮಷೀನಿನ ಆಟೋ ಸೆಂಡ್ ತೆಳುವನ್ನು ಮೊದಲು ಕಳಿಸುವಂತೆ ಇದ್ದರೆ, ರಕ್ತಸ್ರಾವ ಇದೆಯೋ ಇಲ್ಲವೋ ಎಂದು ಒಂದು ನಿಮಿಷದಲ್ಲಿ ಹೇಳಬಹುದಾಗಿದ್ದ ಡಾಕ್ಟರು ಹನ್ನೊಂದು ನಿಮಿಷ ಖಾಲಿ ಪರದೆ ನೋಡುತ್ತಾ ಕೂರುತ್ತಾರೆ.

ಇದು ಗೇಟ್‌ವೇನಲ್ಲಿ ಬರೆಯುವ ಒಂದು ನಿಯಮ, ಅಷ್ಟೇ: ತಲೆಯ ಸಿಟಿಯಾದರೆ 5 ಮಿಲಿಮೀಟರಿನ ದಪ್ಪ ಸೀರೀಸ್ ಮೊದಲು, ಉಳಿದದ್ದು ಹಿಂದಿನಿಂದ. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಲಕ್ಷಣ ಶುರುವಾದ ಹೊತ್ತಿನಿಂದ ನಾಲ್ಕೂವರೆ ಗಂಟೆಯೇ ಸಾಮಾನ್ಯ ಗಡುವು. ಪೇಷಂಟ್ ಹುಬ್ಬಳ್ಳಿಯ ಕಿಮ್ಸ್‌ಗೆ (ಈಗ ಕೆಎಂಸಿಆರ್‌ಐ) ರೆಫರ್ ಆಗಿ ಆಂಬುಲೆನ್ಸ್ ಹತ್ತುವ ಹೊತ್ತಿಗೆ ಚಿತ್ರ ಅಲ್ಲಿ ತೆರೆದಿರುವಂತಾದರೆ ಸಿಡಿ ಹಿಡಿದು ಓಡುವ ಸಂಬಂಧಿಕರ ಕೆಲಸವೂ ತಪ್ಪಿತು.

ಕುಗ್ಗಿಸುವುದು ಇನ್ನೊಂದು ಉಪಾಯ. ಮಾಹಿತಿ ಕಳೆಯದೆ ಕುಗ್ಗಿಸುವ ಜೆಪೆಗ್ 2000 ಅಥವಾ ಜೆಪೆಗ್-ಎಲ್‌ಎಸ್ ಬಳಸಿದರೆ ಗಾತ್ರ ಅರ್ಧಕ್ಕೆ, ಕೆಲವೊಮ್ಮೆ ಮೂರನೇ ಒಂದಕ್ಕೆ ಇಳಿಯುತ್ತದೆ. ಮೊದಲು ಆ ಕಡೆಯ ವ್ಯೂವರ್, ಎಐ ಎರಡೂ ಅದನ್ನು ಬಿಚ್ಚಬಲ್ಲವೇ ಎಂದು ಒಂದು ಸ್ಟಡಿಯಲ್ಲಿ ನೋಡಿಕೊಳ್ಳಿ.

ಹಳೆಯ ಡೈಕಾಂ ಪದ್ಧತಿಯಲ್ಲಿ ಪ್ರತಿ ಚಿತ್ರ ಕಳಿಸಿದ ಮೇಲೂ ಆ ಕಡೆಯಿಂದ "ಬಂತು" ಎಂಬ ಉತ್ತರಕ್ಕೆ ಕಾಯಬೇಕು. ಹೋಗಿಬರಲು 40 ಮಿಲಿಸೆಕೆಂಡ್ ಆದರೆ 300 ಚಿತ್ರಕ್ಕೆ ಬರೀ ಕಾಯುವುದೇ 12 ಸೆಕೆಂಡ್. ಸರ್ವರ್ ವಿದೇಶದಲ್ಲಿದ್ದು 200 ಮಿಲಿಸೆಕೆಂಡ್ ಆದರೆ ಒಂದು ನಿಮಿಷ. ಹಾಗಾಗಿ ಎರಡು ಮಾತು: ಗೇಟ್‌ವೇಯಿಂದ ಆಚೆಗೆ ಡೈಕಾಂವೆಬ್ (ವೆಬ್ ಮೂಲಕ ಕಳಿಸುವ ಡೈಕಾಂ ಪದ್ಧತಿ) ಬಳಸಿ, ಚಿತ್ರಗಳನ್ನು ಗಂಟು ಕಟ್ಟಿ ಒಂದೇ ಸಲ ಕಳಿಸಬಹುದು; ಮತ್ತು ಕ್ಲೌಡ್ ಜಾಗ ಭಾರತದೊಳಗೇ ಇರಲಿ. ಅಮೆಜಾನ್‌ಗೆ ಮುಂಬೈ, ಹೈದರಾಬಾದ್. ಗೂಗಲ್‌ಗೆ ಮುಂಬೈ, ದೆಹಲಿ. ಮೈಕ್ರೊಸಾಫ್ಟ್‌ಗೆ ಪುಣೆ, ಚೆನ್ನೈಗಳಲ್ಲಿ ಕೇಂದ್ರಗಳಿವೆ. ಖಾತೆ ತೆರೆದಾಗ ತಾನಾಗಿ ಬರುವ ಜಾಗ ಅಮೆರಿಕದ್ದಾಗಿರಬಹುದು, ನೋಡದೆ ಮುಂದೆ ಒತ್ತಬೇಡಿ.

ಗುರುತು ತೆಗೆಯುವುದು, ಬಾಗಿಲು ಮುಚ್ಚುವುದು

ರಿಪೋರ್ಟ್ ಬರೆಯುವ ಡಾಕ್ಟರಿಗೆ ಪೇಷಂಟ್ ಹೆಸರು ಬೇಕು. ಎಐ ಕಂಪನಿಗೆ ಬೇಡ. ಎರಡು ದಾರಿ ಬೇರೆ ಮಾಡಿ. ಎಐ ದಾರಿಯಲ್ಲಿ ಹೋಗುವ ಪ್ರತಿಯ ಟ್ಯಾಗ್‌ಗಳಿಂದ, ಅಂದರೆ ಚಿತ್ರದ ಜತೆ ಸಂಖ್ಯೆ ಹಾಕಿ ಬರೆದಿಟ್ಟ ವಿವರಗಳಿಂದ, ಹೆಸರು (0010,0010), ಐಡಿ (0010,0020), ಹುಟ್ಟಿದ ದಿನ (0010,0030), ಆಸ್ಪತ್ರೆಯ ಹೆಸರು (0008,0080) ತೆಗೆದು, ಐಡಿ ಜಾಗದಲ್ಲಿ ನಿಮಗೆ ಮಾತ್ರ ಗೊತ್ತಿರುವ ಸಂಕೇತ ಹಾಕಿ. ಸಂಕೇತದ ಪಟ್ಟಿ ಗೇಟ್‌ವೇಯಲ್ಲೇ ಇರಲಿ. ವಯಸ್ಸು, ಲಿಂಗ ಬಿಡಿ. ಅವು ಸಾಫ್ಟ್‌ವೇರಿಗೆ ಬೇಕಾಗುತ್ತವೆ. ಕಂಪನಿಗಳು ತಮ್ಮದೇ ಖಾಸಗಿ ಟ್ಯಾಗ್‌ಗಳಲ್ಲಿ ಹೆಸರನ್ನು ಇನ್ನೊಮ್ಮೆ ಬರೆದಿಟ್ಟಿರಬಹುದು, ಅವನ್ನೂ ತೆಗೆಯಿರಿ. ಅಲ್ಟ್ರಾಸೌಂಡ್‌ನಲ್ಲಿ ಹೆಸರು ಚಿತ್ರದೊಳಗೇ ಅಚ್ಚಾಗಿರುತ್ತದೆ. ಟ್ಯಾಗ್ ಅಳಿಸಿದರೆ ಅದು ಹೋಗುವುದಿಲ್ಲ, ಮೇಲಿನ ಪಟ್ಟಿಯನ್ನೇ ಕಪ್ಪು ಮಾಡಬೇಕು.

ಅತಿಯಾಗಿ ಅಳಿಸಿದರೂ ತೊಂದರೆ. ಸಿಟಿಯ ಚುಕ್ಕಿಯಲ್ಲಿ ಇರುವ ಅಂಕಿಯನ್ನು ನಿಜವಾದ ಹೌನ್ಸ್‌ಫೀಲ್ಡ್ ಮೌಲ್ಯಕ್ಕೆ (ಸಿಟಿಯಲ್ಲಿ ಸಾಂದ್ರತೆಯ ಅಳತೆ) ತಿರುಗಿಸಲು (0028,1052), (0028,1053) ಎಂಬ ಎರಡು ಟ್ಯಾಗ್ ಬೇಕೇ ಬೇಕು. ಅವು ಹಾರಿಹೋದರೆ ಎಐ ಕೊಡುವ ಉತ್ತರಕ್ಕೆ ತಲೆಬುಡ ಇರುವುದಿಲ್ಲ, ಆದರೆ ಉತ್ತರ ಮಾತ್ರ ಕೊಡುತ್ತದೆ. ಪತ್ತೆ ಹಚ್ಚುವುದು ಸುಲಭ: ವ್ಯೂವರ್‌ನಲ್ಲಿ ತಲೆಯ ಹೊರಗಿನ ಗಾಳಿಯ ಮೇಲೆ ಬಾಣ ಇಡಿ. −1000ದ ಹತ್ತಿರ ತೋರಿಸಬೇಕು. 24 ಎಂದೇನಾದರೂ ತೋರಿಸಿದರೆ 1024 ಕಳೆಯುವ ಕೆಲಸ ಎಲ್ಲೋ ತಪ್ಪಿದೆ ಎಂದು ತಿಳಿಯಿರಿ.

ಗರ್ಭಿಣಿಯರ ಸ್ಕ್ಯಾನ್ ವಿಷಯದಲ್ಲಿ ನಮ್ಮ ಸಲಹೆ ಒಂದೇ: ಅದನ್ನು ಎಐ ಸಾಲಿಗೆ ಸೇರಿಸಲೇಬೇಡಿ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಫಾರಂ ಎಫ್ ತುಂಬುವ, ದಾಖಲೆ ಎರಡು ವರ್ಷ ಇಡುವ ಹೊಣೆ ಸೆಂಟರಿನದು. ಆ ಚಿತ್ರಗಳು ಯಾರ ಯಾರ ಪರದೆ ಮೇಲೆ ಹೋದವು ಎಂಬ ಪ್ರಶ್ನೆಗೆ ಉತ್ತರ ಕೊಡುವ ಸ್ಥಿತಿ ತಂದುಕೊಳ್ಳಬೇಡಿ.

ಬಾಗಿಲ ವಿಚಾರ ಚುಟುಕಾಗಿ. 4242, 8042 ಪೋರ್ಟ್‌ಗಳನ್ನು ಇಂಟರ್ನೆಟ್‌ಗೆ ತೆರೆದಿಡಬೇಡಿ. ಹೊರಗಿನಿಂದ ನೋಡಬೇಕಾದವರು ವಿಪಿಎನ್ ಮೂಲಕ ಬರಲಿ. ಸಾಫ್ಟ್‌ವೇರ್ ಜತೆ ಬಂದ ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ. ಒಬ್ಬೊಬ್ಬರಿಗೂ ಒಂದೊಂದು ಲಾಗಿನ್ ಇರಲಿ, ಮಾನಿಟರ್ ಅಂಚಿಗೆ ಅಂಟಿಸಿದ ಹಳದಿ ಚೀಟಿಯ ಮೇಲಿನ ಒಂದೇ ಪಾಸ್‌ವರ್ಡ್ ಅಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸರಿಯಾದ ಭದ್ರತೆ ಇಡದವರಿಗೆ ದಂಡದ ಮಿತಿ 250 ಕೋಟಿ ರೂಪಾಯಿವರೆಗೆ ಇದೆ.

ಎಐಗೆ ಕೊಡುವುದು ಏನು, ಯಾವಾಗ

ಫಿಲ್ಮನ್ನು ವ್ಯೂಬಾಕ್ಸಿಗೆ ಸಿಕ್ಕಿಸಿ ಮೊಬೈಲಿನಲ್ಲಿ ಫೋಟೊ ಹೊಡೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಅಭ್ಯಾಸ ಎಲ್ಲೆಲ್ಲೂ ಇದೆ. ಡಾಕ್ಟರು ಅನುಭವದ ಮೇಲೆ ಏನೋ ಹೇಳಿಯಾರು. ಎಐಗೆ ಮಾತ್ರ ಅದನ್ನು ಕೊಡಬೇಡಿ. ಸಿಟಿಯಲ್ಲಿ ನಾಲ್ಕು ಸಾವಿರ ಚಿಲ್ಲರೆ ಬೂದು ಛಾಯೆಗಳಿರುತ್ತವೆ, ಫೋಟೊದಲ್ಲಿ 256. ಮಿದುಳಿನ ವಿಂಡೋದಲ್ಲಿ, ಅಂದರೆ ತೋರಿಸುವ ಛಾಯೆಗಳ ವ್ಯಾಪ್ತಿ 80 ಅಗಲ, 40 ನಡು ಇಟ್ಟು, ಒಮ್ಮೆ ಅಚ್ಚಾದ ಫಿಲ್ಮಿನಿಂದ ಎಲುಬಿನ ಬಿರುಕನ್ನು ಮತ್ತೆ ಹೊರತೆಗೆಯುವುದು ಯಾರಿಂದಲೂ ಆಗದು.

ಮೂಲ ಡೈಕಾಂ ಕೊಟ್ಟರೂ ತಪ್ಪು ಸೀರೀಸ್ ಹೋಗುವುದುಂಟು. ಸ್ಟಡಿಯ ಮೊದಲ ಚಿತ್ರ ಸಾಮಾನ್ಯವಾಗಿ ಸ್ಕೌಟ್, ಅಂದರೆ ಅಳತೆಗೆ ತೆಗೆದ ನೆರಳುಚಿತ್ರ. ಎಲುಬಿಗೆ ಚೂಪು ಮಾಡಿದ ಸೀರೀಸನ್ನು ರಕ್ತಸ್ರಾವ ಹುಡುಕುವ ಎಐಗೆ ಕೊಟ್ಟರೆ ಚಿತ್ರದ ಒರಟು ಚುಕ್ಕಿಗಳನ್ನೇ ರಕ್ತ ಎಂದೀತು. ಎಕ್ಸ್‌ರೇಯಲ್ಲಿ ಇನ್ನೊಂದು ಬಗೆ: ಮೊನೋಕ್ರೋಮ್ 1 ಎಂದು ಗುರುತಾದ ಚಿತ್ರದಲ್ಲಿ ಕಪ್ಪು ಬಿಳುಪು ತಿರುಗಾಮುರುಗಾ. ಟೆಕ್ನಿಷಿಯನ್ ಮೊಣಕಾಲಿನ ಎಕ್ಸ್‌ರೇಯನ್ನು ಎದೆಯ ಪ್ರೋಗ್ರಾಂನಲ್ಲೇ ತೆಗೆದಿದ್ದರೆ ಟ್ಯಾಗ್‌ನಲ್ಲೂ ಎದೆ ಎಂದೇ ಇರುತ್ತದೆ, ಮೊಣಕಾಲಿನಲ್ಲಿ ಕ್ಷಯ ಹುಡುಕುವ ತಮಾಷೆ ಆಮೇಲೆ ನಡೆಯುತ್ತದೆ.

ಸ್ಟಡಿ ಪೂರ್ತಿ ಬರುವ ಮುಂಚೆ ಎಐ ಶುರುವಾಗುವುದು ಇನ್ನೊಂದು ಮಾಮೂಲಿ ದೋಷ. 30ರಲ್ಲಿ 18 ಸ್ಲೈಸ್ ಬಂದಾಗಲೇ ಓದಿ "ಏನೂ ಇಲ್ಲ" ಎಂದರೆ? ಆರ್ಥಾಂಕ್‌ನಲ್ಲಿ 60 ಸೆಕೆಂಡ್ ಹೊಸ ಚಿತ್ರ ಬರದಿದ್ದರೆ ಸ್ಟಡಿ ಮುಗಿಯಿತು ಎಂದು ತಿಳಿಯುವ ವ್ಯವಸ್ಥೆ ಇದೆ. ನಿಧಾನ ಮಷೀನಿಗೆ ಅದನ್ನು ಏರಿಸಿ. ಸೀರೀಸ್ ಲೆಕ್ಕದಲ್ಲಿ ಕಾಯುವಂತೆ ಮಾಡಿದರೆ ತೆಳು ಸೀರೀಸ್ ಬರುವವರೆಗೆ ತುರ್ತಿನದು ನಿಲ್ಲುವುದೂ ತಪ್ಪುತ್ತದೆ.

ಖರ್ಚಿನ ಲೆಕ್ಕಕ್ಕೆ ಬನ್ನಿ. ದಿನಕ್ಕೆ 60 ಎಕ್ಸ್‌ರೇ, ಒಂದಕ್ಕೆ 5 ಸೆಕೆಂಡ್ ಹಿಡಿದರೂ ಎಐ ನಡೆಸುವ ಜಿಪಿಯು ಮಷೀನಿಗೆ ದಿನಕ್ಕೆ ಐದು ನಿಮಿಷದ ಕೆಲಸ. ಅದಕ್ಕಾಗಿ ತಿಂಗಳಿಗೆ 720 ಗಂಟೆ ಬಾಡಿಗೆ ಕಟ್ಟುವುದು ಹುಚ್ಚು. ಎರಡು ಸಾಲು ಮಾಡಿ. ಮಾಮೂಲಿ ಎಕ್ಸ್‌ರೇ ಅರ್ಧ ಗಂಟೆಗೊಮ್ಮೆ ಗುಂಪಾಗಿ ಹೋಗಲಿ, ಆ ಹೊತ್ತಿಗಷ್ಟೇ ಮಷೀನ್ ಏಳಲಿ, ಮುಗಿದ ಮೇಲೆ ಮಲಗಲಿ. ಅಗ್ಗದ ಸ್ಪಾಟ್ ಮಷೀನುಗಳೂ ಇದಕ್ಕೆ ಆದೀತು. ಅಮೆಜಾನ್ ಅವನ್ನು ಎರಡು ನಿಮಿಷದ ಮುನ್ಸೂಚನೆ ಕೊಟ್ಟು ಹಿಂದಕ್ಕೆ ತೆಗೆದುಕೊಳ್ಳಬಹುದು, ಉಳಿದ ಚಿತ್ರ ಮುಂದಿನ ಗುಂಪಿಗೆ ಹೋಗುತ್ತವೆ. ತುರ್ತು ತಲೆಯ ಸಿಟಿಗೆ ಮಾತ್ರ ಮಲಗಿದ ಮಷೀನ್ ಎದ್ದು ಸಜ್ಜಾಗುವವರೆಗೆ ಕಾಯುವಂತಿಲ್ಲ. ಅಲ್ಲಿ ಚಿತ್ರದ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವ, ಸದಾ ಎಚ್ಚರಿರುವ ಸೇವೆಯೇ ಲೇಸು.

ನಂಬುವ ಮುಂಚೆ ನೂರು ಚಿತ್ರ

ಎದೆಯ ಎಕ್ಸ್‌ರೇಯಲ್ಲಿ ಕ್ಷಯ ಹುಡುಕಲು ಕಂಪ್ಯೂಟರ್ ಬಳಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿತು, 15 ವರ್ಷ ಮತ್ತು ಮೇಲ್ಪಟ್ಟವರಿಗೆ. ಮಕ್ಕಳ ಎಕ್ಸ್‌ರೇ ಆ ಸಾಲಿಗೆ ಹೋಗದಂತೆ ಗೇಟ್‌ವೇನಲ್ಲೇ ವಯಸ್ಸಿನ ತಡೆ ಹಾಕಿ. ಭಾರತದಲ್ಲಿ ಇಂಥ ಸಾಫ್ಟ್‌ವೇರ್ ಕೂಡ ವೈದ್ಯಕೀಯ ಉಪಕರಣದ ವ್ಯಾಖ್ಯೆಯೊಳಗೆ ಬರುತ್ತದೆ. ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯಾದ ಸಿಡಿಎಸ್‌ಸಿಒ ಪರವಾನಗಿ ಪ್ರತಿ ಕೇಳಿ, ಕೊಡಲು ತಡವರಿಸಿದರೆ ಮಾತು ಅಲ್ಲಿಗೇ ನಿಲ್ಲಿಸಿ.

"ಶೇಕಡಾ 90 ನಿಖರ" ಎಂಬ ಮಾತನ್ನು ಬಿಡಿಸಿ ನೋಡೋಣ. ಸಾವಿರ ಎಕ್ಸ್‌ರೇ, ಅದರಲ್ಲಿ ನಿಜವಾಗಿ ರೋಗ ಇರುವವರು 10 ಜನ. ಸಾಫ್ಟ್‌ವೇರ್ ರೋಗಿಗಳಲ್ಲಿ ಶೇಕಡಾ 90ರಷ್ಟನ್ನು ಹಿಡಿಯುತ್ತದೆ, ಆರೋಗ್ಯವಂತರಲ್ಲಿ ಶೇಕಡಾ 80ರಷ್ಟನ್ನು ಸರಿಯಾಗಿ ಬಿಡುತ್ತದೆ ಎನ್ನಿ. ಆಗ 9 ರೋಗಿಗಳು ಸಿಕ್ಕರು, ಒಬ್ಬರು ತಪ್ಪಿದರು. ಜತೆಗೆ ಉಳಿದ 990ರಲ್ಲಿ 198 ಜನರ ಮೇಲೆ ಸುಮ್ಮಸುಮ್ಮನೆ ಗುರುತು ಬಿತ್ತು. ಗುರುತು ಬಿದ್ದ 207ರಲ್ಲಿ ನಿಜವಾದದ್ದು 9. ಇದು ಸಾಫ್ಟ್‌ವೇರ್ ಕೆಟ್ಟದ್ದು ಎಂದಲ್ಲ. ಗುರುತು ಬಿದ್ದದ್ದನ್ನು ಡಾಕ್ಟರು ಮೊದಲು ನೋಡಲಿ ಎಂಬುದಕ್ಕೆ ಇದು ಚೆನ್ನಾಗಿದೆ. ರಿಪೋರ್ಟ್ ಎಂದು ಪೇಷಂಟ್ ಕೈಗೆ ಕೊಡಲು ಅಲ್ಲ.

ಹಾಗಾಗಿ ಒಪ್ಪಂದಕ್ಕೆ ಸಹಿ ಮಾಡುವ ಮುಂಚೆ ನಿಮ್ಮದೇ ಮಷೀನಿನ, ಡಾಕ್ಟರು ಓದಿ ಮುಗಿಸಿದ ನೂರು ಹಳೆಯ ಸ್ಟಡಿ ಆರಿಸಿ. ಕನಿಷ್ಠ 30ರಲ್ಲಿ ರೋಗ ಇರಲಿ, ಹಳೆಯ ಕ್ಷಯದ ಕಲೆ ಉಳಿದವು, ಕೂರಿಸಿಯೇ ತೆಗೆದ ವೃದ್ಧರ ಚಿತ್ರಗಳು, ಪೇಸ್‌ಮೇಕರ್ ಇದ್ದವು ಎಲ್ಲ ಬೆರೆತಿರಲಿ. ರೋಗ ಇದೆ, ಇಲ್ಲ; ಗುರುತು ಬಿತ್ತು, ಬೀಳಲಿಲ್ಲ ಎಂಬ ನಾಲ್ಕು ಮನೆಯ ಕೋಷ್ಟಕ ಹಾಕಿ ಎಣಿಸಿ. ತಪ್ಪಿದ ಪ್ರತಿ ಚಿತ್ರವನ್ನೂ ತೆರೆದು ನೋಡಿ. ತಪ್ಪು ಸಾಫ್ಟ್‌ವೇರಿನದ್ದೋ, ಮೇಲೆ ಹೇಳಿದಂತೆ ನಾವು ಕಳಿಸಿದ ಚಿತ್ರದ್ದೋ ಅಲ್ಲಿ ಗೊತ್ತಾಗುತ್ತದೆ. ಎಐ ಫಲಿತಾಂಶ ಬೇರೆ ಸೀರೀಸ್ ಆಗಿಯೇ ಬರಲಿ, ಮೂಲ ಚಿತ್ರದ ಮೇಲೆ ಗೀಚಬಾರದು.

ಸಂಗ್ರಹದ ಬಿಲ್ಲು

ದಿನಕ್ಕೆ 15 ಸಿಟಿ, 60 ಎಕ್ಸ್‌ರೇ ಎಂದರೆ ತಿಂಗಳಿಗೆ 26 ದಿನಕ್ಕೆ ಸುಮಾರು 82 ಜಿಬಿ, ವರ್ಷಕ್ಕೆ 1 ಟಿಬಿಗೆ ತುಸು ಕಡಿಮೆ. ಮುಂಬೈನಂಥ ಕೇಂದ್ರದಲ್ಲಿ ಸದಾ ಸಿಗುವ ಸಂಗ್ರಹಕ್ಕೆ ಜಿಬಿಗೆ ತಿಂಗಳಿಗೆ ಎರಡು ರೂಪಾಯಿ ಆಸುಪಾಸು. ವರ್ಷದ ಕೊನೆಗೆ ತಿಂಗಳಿಗೆ ಎರಡು ಸಾವಿರ, ಕುಗ್ಗಿಸಿ ಇಟ್ಟರೆ ಒಂದು ಸಾವಿರ. ಬಿಲ್ಲು ಏರಿಸುವುದು ಇದಲ್ಲ, ಹೊರಗೆಳೆಯುವುದು. ಅದರ ದರ ಇದರ ನಾಲ್ಕೈದು ಪಟ್ಟು. ಡಾಕ್ಟರ ಕಂಪ್ಯೂಟರ್ ಒಂದೇ ಸ್ಟಡಿಯನ್ನು ಮೂರು ಸಲ ಹೊಸದಾಗಿ ಎಳೆಯದಂತೆ ವ್ಯೂವರ್‌ನಲ್ಲಿ ಸೆಟ್ಟಿಂಗ್ ಮಾಡಿ.

ಮೂರು ತಿಂಗಳ ನಂತರ ಅಗ್ಗದ ಆರ್ಕೈವ್‌ಗೆ ತಳ್ಳಬಹುದು. ಮೂರು ಷರತ್ತು ಓದಿಕೊಳ್ಳಿ. ಅಲ್ಲಿಂದ ವಾಪಸ್ ತರಲು ಗಂಟೆಗಟ್ಟಲೆ ಹಿಡಿಯುತ್ತದೆ, ಅತಿ ಅಗ್ಗದ್ದರಲ್ಲಿ ಹನ್ನೆರಡು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು. ಹಾಗಾಗಿ ಪೇಷಂಟ್ ಅಪಾಯಿಂಟ್‌ಮೆಂಟ್ ತೆಗೆದುಕೊಂಡ ದಿನವೇ ಹಳೆಯದನ್ನು ಕರೆಸಿಟ್ಟಿರಿ. ಬೇಗ ಅಳಿಸಿದರೂ 90 ಅಥವಾ 180 ದಿನದ ಬಾಡಿಗೆ ಬೀಳುತ್ತದೆ. ಪ್ರತಿ ಫೈಲಿಗೂ ಒಂದು ಸಣ್ಣ ಶುಲ್ಕ ಇರುವುದರಿಂದ 300 ಚೂರುಗಳನ್ನು ಹಾಗೇ ತಳ್ಳದೆ ಸ್ಟಡಿಗೊಂದು ಜಿಪ್ ಮಾಡಿ. ಒಳರೋಗಿಗಳ ದಾಖಲೆ ಮೂರು ವರ್ಷ ಇಡಬೇಕೆಂದು 2002ರ ವೈದ್ಯಕೀಯ ನೀತಿ ನಿಯಮಗಳು ಹೇಳುತ್ತವೆ. ಎಂಎಲ್‌ಸಿ ಸ್ಟಡಿಗಳಿಗೆ ಪ್ರತ್ಯೇಕ ಗುರುತು ಹಾಕಿ, ತಾನಾಗಿ ಅಳಿಯುವ ನಿಯಮದಿಂದ ಹೊರಗಿಡಿ. ಕೇಸು ಹತ್ತು ವರ್ಷ ನಡೆದೀತು.

ಕೇಬಲ್ ಕಿತ್ತು ನೋಡುವ ದಿನ

ಜೆಸಿಬಿ ರಸ್ತೆ ಅಗೆದಾಗ ಫೈಬರ್ ಹೋಗುತ್ತದೆ, ಹೆಸ್ಕಾಂ ಲೈನ್ ತೆಗೆದಾಗ ಕರೆಂಟ್ ಹೋಗುತ್ತದೆ. ಸಿಟಿಗೆ ದೊಡ್ಡ ಯುಪಿಎಸ್ ಹಾಕಿಸಿದವರು ಗೋಡೆ ಮೇಲಿನ ಫೈಬರ್ ಪೆಟ್ಟಿಗೆ, ರೂಟರ್, ಸ್ವಿಚ್ ಮೂರನ್ನೂ ಮಾಮೂಲಿ ಪ್ಲಗ್‌ಗೆ ಚುಚ್ಚಿರುತ್ತಾರೆ. ಸ್ಕ್ಯಾನ್ ಆಗುತ್ತದೆ, ಹೋಗುವುದಿಲ್ಲ. ಮೂರಕ್ಕೂ ಗೇಟ್‌ವೇಗೂ ಯುಪಿಎಸ್ ಸಂಪರ್ಕ ಕೊಡಿ. ಎರಡನೇ ಲೈನ್ ಬೇರೆ ಕಂಪನಿಯ 4ಜಿ ಅಥವಾ 5ಜಿ ಇರಲಿ. ಒಂದೇ ಕಂಬದ ಮೇಲೆ ಬರುವ ಎರಡು ಫೈಬರ್‌ಗಳು ಒಟ್ಟಿಗೇ ತುಂಡಾಗುತ್ತವೆ.

ಆಮೇಲೆ ತಿಂಗಳಿಗೊಮ್ಮೆ, ಪೇಷಂಟ್ ಇಲ್ಲದ ಹೊತ್ತಿನಲ್ಲಿ, ನೀರಿನ ಫ್ಯಾಂಟಂ (ಪೇಷಂಟ್ ಬದಲು ಇಡುವ ಪರೀಕ್ಷಾ ಡಬ್ಬಿ) ಇಟ್ಟು 300 ಸ್ಲೈಸಿನ ಸ್ಕ್ಯಾನ್ ತೆಗೆದು ಕಳಿಸಿ. ಅರ್ಧ ಹೋಗುವಾಗ ಫೈಬರ್ ಕೇಬಲ್ ಕಿತ್ತುಬಿಡಿ. ಡಾಂಗಲ್‌ಗೆ ತಾನಾಗಿ ಹೊರಳಿತೇ, ಎಷ್ಟು ಸೆಕೆಂಡಿಗೆ? ಅದನ್ನೂ ಕಿತ್ತು ಹದಿನೈದು ನಿಮಿಷ ಬಿಡಿ. ಯಾರಿಗಾದರೂ ಎಚ್ಚರಿಕೆಯ ಸಂದೇಶ ಬಂತೇ? ಮತ್ತೆ ಚುಚ್ಚಿದ ಮೇಲೆ ಯಾರೂ ಏನೂ ಒತ್ತದೆ ಉಳಿದದ್ದು ಹೋಗಬೇಕು. ಕೊನೆಗೆ ಕನ್ಸೋಲ್, ಗೇಟ್‌ವೇ, ಕ್ಲೌಡ್ ಮೂರರಲ್ಲೂ ಚಿತ್ರ ಎಣಿಸಿ. 300, 300, 300 ಬರಬೇಕು. ಕ್ಲೌಡ್‌ನಲ್ಲಿ 299 ಬಂದರೆ ಆ ಒಂದು ಯಾವುದೆಂದು ಗೇಟ್‌ವೇ ಲಾಗ್‌ನಲ್ಲಿ ಹುಡುಕಿ, ಸಿಗುವವರೆಗೆ ಆ ವ್ಯವಸ್ಥೆಯ ಮೇಲೆ ರಾತ್ರಿ ಪಾಳಿ ಬಿಡಬೇಡಿ.